ಜಲ್ದಿ ನಿಧಾನ ಆಗ್ರಿ

ನನ್ನ ಬಲಗೈಗೆ ಒಂದು ಚಾಳಿ. ಯಾವ ಬಾಗಿಲು ಕಂಡರೂ ಎರಡು ಸಲ ಬಡಿಯುತ್ತದೆ. ಆಟೋದಿಂದ ಇಳಿದ ಕೂಡಲೇ ಅದರ ಮೈಗೆ ದಬದಬ ಬಡಿದು "ರೈಟ್" ಅಂದುಬಿಡುತ್ತೇನೆ. ಆಟೋದವನು ಬಾಡಿಗೆ ಇಸಿದುಕೊಳ್ಳದೇ ಬೀದಿಯ ತುದಿಯವರೆಗೆ ಹೋಗಿ, ಅಲ್ಲಿ ಜ್ಞಾನೋದಯವಾಗಿ, ನನ್ನನ್ನು ಬೈಯುತ್ತಾ ವಾಪಸ್ ಬರುತ್ತಾನೆ. ಮನೆಯಲ್ಲಿ ಫ್ರಿಜ್ಜಿಗೂ ಬಡಿಯುತ್ತೇನೆ, ಬೀರುವಿಗೂ ಬಡಿಯುತ್ತೇನೆ. ಮೊನ್ನೆ ದೇವರ ಕೋಣೆಯ ಬಾಗಿಲು ಮುಚ್ಚಿ ಅದಕ್ಕೂ ಬಡಿದೆ. ದೇವರು ಹೊರಡಲಿಲ್ಲ, ಪುಣ್ಯ.

ಇದು ಹೊಸಪೇಟೆಗೂ ಕಂಪ್ಲಿಗೂ ನಡುವೆ ಬಸ್ಸಿನ ಕಂಡಕ್ಟರಾಗಿ ಆಯುಷ್ಯ ಕಳೆದವನ ಕೈ. ನಿವೃತ್ತಿಯ ದಿನ ನನಗೆ ಹಾರ ಹಾಕಿ ಶಾಲು ಹೊದಿಸಿದರು, ಆದರೆ ಕೈಗೆ ಯಾರೂ ವಿಷಯ ತಿಳಿಸಲಿಲ್ಲ. ನಾಲಿಗೆಯ ಕಥೆಯೂ ಅದೇ. "ಜಲ್ದಿ ಹತ್ರಿ, ಜಲ್ದಿ ಇಳೀರಿ, ಒಳಗ ಸರೀರಿ, ಹಿಂದ ಖಾಲಿ ಐತಿ" ಎಂಬುದನ್ನು ಬಿಟ್ಟರೆ ನಾನು ಬೇರೆ ಮಾತಾಡಿದ್ದೇ ಕಡಿಮೆ. ಹಿಂದೆ ಎಂದೂ ಖಾಲಿ ಇರುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಇಂಥವನು ಹೋದ ಮಳೆಗಾಲದಲ್ಲಿ ಹೊಸಪೇಟೆಯ ನಮ್ಮ ಚಿತ್ತವಾಡ್ಗಿ ಬಡಾವಣೆಯ ಮಕ್ಕಳಿಗೆ ನಿಧಾನವಾಗಿರುವುದನ್ನು ಕಲಿಸಿದ. ನೀವು ನಗಬಹುದು. ನನ್ನ ಜೊತೆ ಡ್ರೈವರ್ ಆಗಿದ್ದವನು ಫೋನಿನಲ್ಲಿ ಇದನ್ನು ಕೇಳಿ ಎಷ್ಟು ನಕ್ಕನೆಂದರೆ, ಅವನ ಹೆಂಡತಿ ಫೋನು ಕಸಿದುಕೊಂಡು "ಇವರಿಗೆ ಏನ್ ಹೇಳಿದ್ರಿ ಅಣ್ಣಾರ, ಉಸಿರ ಸಿಗವಲ್ದು" ಎಂದು ನನ್ನನ್ನೇ ಗದರಿಸಿದರು.

ಕ್ಲಾಸು ನನ್ನದಲ್ಲ, ನನ್ನ ಹೆಂಡತಿ ಗಿರಿಜಳದು. ಅವಳು ಶಿಶುವಿಹಾರದಲ್ಲಿ ಟೀಚರ್ ಆಗಿದ್ದವಳು. ಕೆಲಸ ಮುಗಿದ ಮೇಲೆ, ನಮ್ಮ ಬೀದಿಯ ಗುಡಿಯ ಪಕ್ಕದ ಹಾಲ್‌ನಲ್ಲಿ ಭಾನುವಾರ ಬೆಳಿಗ್ಗೆ ಓಣಿಯ ಮಕ್ಕಳನ್ನು ಸೇರಿಸಿ ಪ್ರಾಣಿಗಳ ಯೋಗ ಹೇಳಿಕೊಡುತ್ತಿದ್ದಳು. ಆಮೆ, ಕೊಕ್ಕರೆ, ಕಪ್ಪೆ, ಹಾವು, ಕರಡಿ. ಮಕ್ಕಳು ಆ ಪ್ರಾಣಿಯೇ ಆಗಬೇಕು. ಆದರೆ ಅದರ ಹಾಗೆ ಕೂಗುವಂತಿಲ್ಲ. ಅದರ ಹಾಗೆ ಉಸಿರಾಡಬೇಕು, ಅದರ ಹಾಗೆ ಹೆಜ್ಜೆ ಇಡಬೇಕು, ಅದೂ ತೀರ ನಿಧಾನವಾಗಿ, ಏನು ಮಾಡುತ್ತಿದ್ದೇವೆ ಎಂಬುದರ ಮೇಲೇ ಮನಸ್ಸಿಟ್ಟು. "ಕಾಲು ಇಡೂಕಿಂತ ಮೊದಲ ಕಾಲಿಗೆ ಹೇಳಿ ಇಡ್ರಿ" ಅನ್ನುತ್ತಿದ್ದಳು. ಶಾಲೆ, ಟ್ಯೂಷನ್, ಮೊಬೈಲು ಎಂದು ವಾರವಿಡೀ ಪುಟಿಯುವ ಮಕ್ಕಳು ಅವಳೆದುರು ಫ್ಯಾನಿನ ಕಿರಗುಡುವ ಸದ್ದು ಕೇಳುವಷ್ಟು ಸುಮ್ಮನಾಗುತ್ತಿದ್ದರು.

ಅವಳಿಗೆ ಇದು ಕಲಿತು ಬಂದದ್ದಲ್ಲ, ಹುಟ್ಟುಗುಣ. ಗಿರಿಜ ರೊಟ್ಟಿ ಬಡಿಯುವುದನ್ನು ನೋಡಿದರೆ ರೊಟ್ಟಿಗೇ ನಿದ್ದೆ ಬರಬೇಕು. ಮದುವೆಯಾದ ಹೊಸದರಲ್ಲಿ ಇಬ್ಬರೂ ಹಂಪಿಗೆ ಹೋಗಿದ್ದೆವು. ನಾನು ಮಧ್ಯಾಹ್ನದೊಳಗೆ ಇಡೀ ವಿಜಯನಗರ ಸಾಮ್ರಾಜ್ಯವನ್ನು ಮುಗಿಸಿ ಬಸ್ ನಿಲ್ಲುವಲ್ಲಿ ಬಂದು ನಿಂತಿದ್ದೆ. ಅವಳು ಬರಲಿಲ್ಲ. ಹುಡುಕಿಕೊಂಡು ಹೋದರೆ ಇನ್ನೂ ಮೊದಲನೆಯ ಮಂಟಪದಲ್ಲೇ ಕೂತು, ಕಂಬದಲ್ಲಿ ಕೆತ್ತಿದ ಒಂದು ಕೋತಿಯನ್ನು ನೋಡುತ್ತಿದ್ದಳು. ಜೀವಂತ ಕೋತಿಯೊಂದು ಅವಳ ಪಕ್ಕದಲ್ಲೇ ಕೂತು ನಮ್ಮ ಬುತ್ತಿ ಬಿಚ್ಚಿ ತಿನ್ನುತ್ತಿತ್ತು. ನಾನು ಕಲ್ಲು ಎತ್ತಿಕೊಂಡೆ. "ತಿನ್ನಲಿ ಬಿಡ್ರಿ, ನಿಮಗಿಂತ ನಿಧಾನ ತಿನ್ನಾಕತ್ತೈತಿ" ಅಂದಳು. ಮದುವೆಯಾಗಿ ಒಂದು ತಿಂಗಳೂ ಆಗಿರಲಿಲ್ಲ, ಆಗಲೇ ನನ್ನನ್ನು ಕೋತಿಯ ಜೊತೆ ತೂಗಿ ನೋಡಿಯಾಗಿತ್ತು.

ಅವಳ ಪ್ರಾಣಿಗಳಲ್ಲೆಲ್ಲ ಕರಡಿ ಪ್ರಸಿದ್ಧ. ಅವಳ ತವರು ಸಂಡೂರು ಕಡೆಯ ಬಂಡ್ರಿ. ಚಿಕ್ಕವಳಿದ್ದಾಗ ಮನೆಯ ಮಾಳಿಗೆಯ ಮೇಲೆ ಕೂತು, ಗುಡ್ಡದಿಂದ ಕರಡಿ ಇಳಿದು ಬರುವುದನ್ನು ನೋಡಿದವಳು. "ಕರಡಿ ಅವಸರ ಮಾಡಂಗಿಲ್ಲ. ಭೂಮಿ ತನ್ನ ಹೆಸರಿಗೇ ಐತೇನೋ ಅನ್ನಂಗ ನಡೀತೈತಿ" ಅನ್ನುತ್ತಿದ್ದಳು. ಕೈಕಾಲು ನಾಲ್ಕೂ ನೆಲಕ್ಕೆ ಊರಿ ಹಾಲ್‌ನ ಈ ಗೋಡೆಯಿಂದ ಆ ಗೋಡೆಗೆ ಅವಳು ಹೊರಟರೆ, ಸಣ್ಣ ಮಕ್ಕಳು ನಿಜಕ್ಕೂ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ನಾನೂ ಒಂದು ಸಲ ಸರಿದಿದ್ದೇನೆ.

ಆ ಕರಡಿಯ ಎಡ ಮೊಣಕಾಲು ಸವೆದುಹೋಯಿತು. ಆಪರೇಷನ್ ಮಾಡಿ ಹೊಸದನ್ನು ಹಾಕಿದರು. ಮನೆಗೆ ಕಳಿಸುವಾಗ ಡಾಕ್ಟರು ಸ್ಪಷ್ಟವಾಗಿ ಹೇಳಿದರು: "ಅಮ್ಮ, ದಿನಾ ನಡೀಬೇಕು. ಹೆದರಿ ಕುಂತ್ರ ಮೊಣಕಾಲು ಹಂಗ ಬಿಗೀತೈತಿ. ಆಮ್ಯಾಲ ನಡೀತೀನಿ ಅಂದ್ರೂ ಅದು ಕೇಳಂಗಿಲ್ಲ." ಆಸ್ಪತ್ರೆಯಲ್ಲಿ ನರ್ಸುಗಳ ನಡುವೆ ಅವಳು ವಾಕರ್ ಹಿಡಿದು ಚೆನ್ನಾಗಿಯೇ ನಡೆದಳು. ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಬಚ್ಚಲಿನ ಒದ್ದೆ ನೆಲದ ಮೇಲೆ ವಾಕರ್‌ನ ಕಾಲು ಜಾರಿತು. ಅವಳು ಬೀಳಲಿಲ್ಲ, ಗೋಡೆ ಹಿಡಿದುಕೊಂಡಳು. ಆದರೆ ಬಿದ್ದಿದ್ದರೆ ಎಂಬುದು ಅವಳ ತಲೆಯೊಳಗೆ ಹೊಕ್ಕಿತು, ಹೊಕ್ಕಿದ್ದು ಹೊರಗೆ ಬರಲಿಲ್ಲ.

ಅಂದಿನಿಂದ ಗಿರಿಜ ಮಂಚ ಹಿಡಿದಳು. ಬಚ್ಚಲಿಗೆ ಮಾತ್ರ ನನ್ನ ಹೆಗಲಿನ ಮೇಲೆ ಭಾರ ಹಾಕಿ ಹೋಗುವುದು, ಬರುವುದು. ವಾಕರ್ ಕಣ್ಣಿಗೆ ಬೀಳಬಾರದೆಂದು ಅದರ ಮೇಲೆ ಹಳೆಯ ಸೀರೆ ಹೊದಿಸಿ ಮೂಲೆಗೆ ನಿಲ್ಲಿಸಿದಳು. "ಕ್ಲಾಸ್ ನೀವ ನಡಸ್ರಿ. ಆದ್ರ ಹುಡುಗ್ರನ್ನ ಮನಿಗೆ ಕರಕೊಂಡು ಬರಬ್ಯಾಡ್ರಿ. ನಾ ಹಿಂಗ ಕುಂತದ್ದು ಅವು ನೋಡೂದು ಬ್ಯಾಡ" ಅಂದಳು.

ಅವಳು ಹೀಗೇ ಕೂತುಬಿಟ್ಟರೆ ಏನು ಗತಿ ಎಂದು ನನಗೆ ವಿಪರೀತ ಹೆದರಿಕೆಯಾಯಿತು. ಹೆದರಿದಾಗ ಬೇರೆಯವರು ಮೆತ್ತಗಾಗುತ್ತಾರೆ, ನಾನು ಜೋರಾಗುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ ಶುರು ಮಾಡುತ್ತಿದ್ದೆ. "ಏಳ ಗಿರಿಜಾ, ಜಲ್ದಿ ಪಡಸಾಲಿತನಕ ಒಂದು ಟ್ರಿಪ್ ಹೊಡದು ಬಾ."

"ನಾ ಏನ್ ಬಸ್ಸೇನ್ರಿ?" ಅನ್ನುತ್ತಿದ್ದಳು, ಗೋಡೆಯ ಕಡೆ ಮುಖ ಮಾಡುತ್ತಿದ್ದಳು.

ಇನ್ನು ನನ್ನ ಕ್ಲಾಸಿನ ಕಥೆ ಕೇಳಿ. ಮೊದಲ ಭಾನುವಾರ ಸೀಟಿ ತೆಗೆದುಕೊಂಡು ಹೋದೆ. ಸೀಟಿಯಿಲ್ಲದೆ ಜನರನ್ನು ಸಂಭಾಳಿಸುವುದು ನನಗೆ ಗೊತ್ತಿಲ್ಲ. ಎಲ್ಲರೂ ಆಮೆಗಳಾಗಿ ಬೆನ್ನು ಬಗ್ಗಿಸಿ ಕೂತಿದ್ದರು. ಈಗ ಆಮೆಗಳು ಮೆಲ್ಲಗೆ ತಲೆ ಹೊರಗೆ ಹಾಕಬೇಕು ಎಂದು ಹೇಳಿ, ಕೈತಪ್ಪಿ ಎರಡು ಸಲ ಊದಿದೆ. ನಮ್ಮ ಕಡೆಯ ಮಕ್ಕಳಿಗೆ ಒಂದು ಸೀಟಿ ಅಂದರೆ ನಿಲ್ಲುವುದು, ಎರಡು ಸೀಟಿ ಅಂದರೆ ಹೊರಡುವುದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆಮೆಗಳೆಲ್ಲ ಎದ್ದು, ಒಬ್ಬರ ಸೊಂಟ ಒಬ್ಬರು ಹಿಡಿದು ಬಸ್ಸಾದವು. ಹುಲಿಗೆಮ್ಮ ಎಂಬ ಎರಡನೇ ಕ್ಲಾಸಿನ ಹುಡುಗಿ ಡ್ರೈವರ್. ಬಸ್ಸು ಹಾಲ್‌ನಿಂದ ಹೊರಗೆ ಹೋಗಿ, ಗುಡಿಗೆ ಒಂದು ಪ್ರದಕ್ಷಿಣೆ ಹಾಕಿ, ಬಳೆ ಅಂಗಡಿಯ ಮುಂದೆ ಸ್ಟಾಪ್ ಕೊಟ್ಟು ವಾಪಸ್ ಬಂತು. ನಾನು ಹಿಂದಿನಿಂದ ಓಡುತ್ತಾ "ಜಲ್ದಿ ನಿಧಾನ ಆಗ್ರಿ, ಜಲ್ದಿ ನಿಧಾನ ಆಗ್ರಿ" ಎಂದು ಕೂಗಿದೆನಂತೆ. ನನಗೆ ನೆನಪಿಲ್ಲ, ಆದರೆ ಬಳೆ ಅಂಗಡಿಯವರು ಈಗಲೂ ನನ್ನನ್ನು ಕಂಡರೆ ಹಾಗೆಯೇ ಮಾತಾಡಿಸುತ್ತಾರೆ.

ಮುಂದಿನ ಭಾನುವಾರ ಹಾವು. ಹೊಟ್ಟೆಯ ಮೇಲೆ ಮಲಗಿ, ಅಂಗೈ ಊರಿ, ಎದೆ ಎತ್ತಿ ಹೆಡೆ ಬಿಚ್ಚಿದ ಹಾಗೆ ಇರಬೇಕು. ಎಲ್ಲರೂ ಎರಡು ಉಸಿರಿಗೇ ಕುಸಿದರು. ವಿರೂಪಾಕ್ಷಿ ಎಂಬ ದುಂಡನೆಯ ಹುಡುಗ ಮಾತ್ರ ಹೆಡೆ ಎತ್ತಿದವನು ಎತ್ತಿಯೇ ಇದ್ದ. ಅಲುಗಾಡಲಿಲ್ಲ, ಕಣ್ಣು ಮಿಟುಕಿಸಲಿಲ್ಲ. ನನಗೆ ಹೆಮ್ಮೆಯೋ ಹೆಮ್ಮೆ. "ನೋಡ್ರಿ, ಹಾವು ಅಂದ್ರ ಹಿಂಗಿರಬೇಕು" ಎಂದು ಬಾಯಿ ಜಾರಿ ಹೇಳಿದೆ. ಹಿಂದಿನ ವಾರವಷ್ಟೇ ಪಂಚಮಿ ಹಬ್ಬ ಮುಗಿದಿತ್ತು. ಮಕ್ಕಳೆಲ್ಲ ಅವ್ವಂದಿರ ಜೊತೆ ಹೋಗಿ ನಾಗಪ್ಪನ ಕಲ್ಲಿಗೆ ಮನೆಯ ಒಬ್ಬೊಬ್ಬರ ಪಾಲಿನ ಹಾಲೆರೆದು ಬಂದಿದ್ದರು. ಹೆಡೆ ಎತ್ತಿ ಅಲುಗಾಡದೆ ಇರುವುದು ಕಂಡರೆ ಏನು ಮಾಡಬೇಕೆಂದು ಅವರಿಗೆ ಚೆನ್ನಾಗಿ ಗೊತ್ತು. ನಾನು ಕಿಟಕಿ ತೆರೆಯಲು ಹೋಗಿ ತಿರುಗುವಷ್ಟರಲ್ಲಿ, ಸಾಲಾಗಿ ನಿಂತು ನೀರಿನ ಬಾಟಲಿಯಿಂದ ವಿರೂಪಾಕ್ಷಿಯ ತಲೆಗೆ ಎರೆಯುತ್ತಿದ್ದರು. "ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು." ಹುಲಿಗೆಮ್ಮ ತನ್ನ ಸರದಿ ಬಂದಾಗ ಸ್ವಲ್ಪ ಯೋಚಿಸಿ "ಟೀಚರ್ ಮೊಣಕಾಲಿನ ಪಾಲು" ಎಂದು ಬಾಟಲಿಯನ್ನು ಪೂರ್ತಿ ಬಗ್ಗಿಸಿದಳು.

ವಿರೂಪಾಕ್ಷಿ ಮೂಗಿನಿಂದ ನೀರು ಇಳಿಯುತ್ತಿದ್ದರೂ ಮಿಸುಕಲಿಲ್ಲ. ಆಮೇಲೆ ಟವೆಲ್ಲಿನಿಂದ ಒರೆಸುತ್ತಾ "ಯಾಕಲೇ, ಏಳಬಾರದೇನು?" ಎಂದು ಕೇಳಿದೆ. "ಟೀಚರ್ ಹೇಳ್ಯಾರ, ಏನಾದ್ರೂ ಉಸಿರಿನ ಮ್ಯಾಲ ಲಕ್ಷ್ಯ ಇಡಬೇಕು ಅಂತ" ಅಂದ, ಸೀನಿದ. ನಾನು ಇದನ್ನು ಮನೆಗೆ ಬಂದು ಗಿರಿಜಳಿಗೆ ಹೇಳಿದೆ. ಮೊಣಕಾಲಿನ ಪಾಲು ಅಂದಾಗ ಅವಳ ತುಟಿ ಒಂದಿಷ್ಟು ಅಲುಗಿತು. ನಗುವಳೇನೋ ಅಂದುಕೊಂಡೆ, ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಕ್ಲಾಸಿನಲ್ಲಿ ನಾನು ಗೆದ್ದದ್ದು ಒಂದೇ ಒಂದು ಪ್ರಾಣಿಯಲ್ಲಿ, ಅದು ಎಮ್ಮೆ. ಯಾವ ಯೋಗದ ಪುಸ್ತಕದಲ್ಲೂ ಇಲ್ಲದ ಆಸನ. ನಾನು ಹುಟ್ಟಿ ಬೆಳೆದದ್ದು ಕಂಪ್ಲಿ. ಸಂಜೆ ಕಾಲುವೆಯಿಂದ ಎಮ್ಮೆ ಹೊಡೆದುಕೊಂಡು ಬರುವುದು ನನ್ನ ಕೆಲಸ. ಎಮ್ಮೆ ಕುತ್ತಿಗೆಯವರೆಗೆ ನೀರಿನಲ್ಲಿ ಮುಳುಗಿ, ಭತ್ತದ ಗದ್ದೆಯ ಕಡೆ ನೋಡುತ್ತಾ ಮೆಲುಕು ಹಾಕುತ್ತಿರುತ್ತಿತ್ತು. ನಾನು ದಡದಲ್ಲಿ ನಿಂತು ಬೈಯುತ್ತಿದ್ದೆ, ಕುಣಿಯುತ್ತಿದ್ದೆ, ಸಣ್ಣ ಹರಳು ಎಸೆಯುತ್ತಿದ್ದೆ, ಕೊನೆಗೆ ಕೈ ಮುಗಿಯುತ್ತಿದ್ದೆ. ಅದು ಒಂದು ಕಿವಿಯನ್ನು ಅತ್ತ ಆಡಿಸಿದರೆ ಅದೇ ದೊಡ್ಡ ಮರ್ಯಾದೆ. ರಸ್ತೆಯಲ್ಲಿ ಕಬ್ಬಿನ ಬಂಡಿಗಳು ಹೋಗುವ ಹೊತ್ತು; ನನ್ನ ಗೆಳೆಯರೆಲ್ಲ ಬಂಡಿಯ ಹಿಂದೆ ಓಡುತ್ತಾ ಕಬ್ಬು ಎಳೆಯುತ್ತಿದ್ದಾರೆ, ನಾನು ಮಾತ್ರ ಈ ಮಹಾತಾಯಿಯ ಮುಂದೆ ನಿಂತಿದ್ದೇನೆ. ನನಗೆ ಅವಸರದ ರೋಗ ಅಂಟಿದ್ದು ಆ ದಡದ ಮೇಲೆಯೇ ಇರಬೇಕು. ಎಮ್ಮೆಗೆ ಏನೂ ಅಂಟಲಿಲ್ಲ.

ಮಕ್ಕಳಿಗೆ ಅದನ್ನೇ ಹೇಳಿಕೊಟ್ಟೆ. ಕಾಲು ಮಡಚಿ ಮಲಗುವುದು, ದೂರಕ್ಕೆ ನೋಡುವುದು, ಬಾಯಲ್ಲಿ ಇಲ್ಲದ್ದನ್ನು ಮೆಲ್ಲಗೆ ಮೆಲುಕು ಹಾಕುವುದು, ಯಾರು ಕರೆದರೂ ಒಂದು ಕಿವಿಯನ್ನಷ್ಟೇ ಅತ್ತ ತಿರುಗಿಸುವುದು. ಎಂಥ ಶಾಂತಿ ಅಂತೀರಿ. ಆ ಹಾಲ್‌ನಲ್ಲಿ ಅಂಥ ಮೌನ ಗಿರಿಜಳ ಕಾಲದಲ್ಲೂ ಇರಲಿಲ್ಲ ಎಂದು ನನಗೆ ಒಳಗೊಳಗೇ ಕೊಬ್ಬು ಬಂತು. ಆ ಕೊಬ್ಬು ಬುಧವಾರದವರೆಗೆ ಇತ್ತು. ಅಂದು ತಾಯಂದಿರು ನಮ್ಮ ಬಾಗಿಲಿಗೆ ಬಂದರು. "ಏನ್ ಕಲಿಸೀರಿ ಯಜಮಾನ್ರ? ಹೋಂವರ್ಕ್ ಮಾಡು ಅಂದ್ರ ಮಲಕೊಂಡು ಬಾಯಿ ಆಡಸ್ತಾನ. ಕರದ್ರ ಓ ಅನ್ನಂಗಿಲ್ಲ" ಎಂದು ವಿರೂಪಾಕ್ಷಿಯ ತಾಯಿ. ಇನ್ನೊಬ್ಬರ ಮನೆಯ ಮುಂದೆ ಶಾಲೆಯ ಆಟೋ ಬಂದು ಹಾರ್ನ್ ಹೊಡೆದು ಹೊಡೆದು ಹೋಗಿಬಿಟ್ಟಿತ್ತು. ಎಮ್ಮೆ ನೀರಿನಿಂದ ಎದ್ದಿರಲಿಲ್ಲ. ಎಮ್ಮೆಯನ್ನು ರದ್ದು ಮಾಡುತ್ತೇನೆಂದು ಮಾತು ಕೊಟ್ಟು ಕಳಿಸಿದೆ.

ಹೀಗೆ ಉಳಿದದ್ದು ಕರಡಿ. ಅದನ್ನು ನಾನು ಬೇಕೆಂದೇ ಮುಂದೂಡಿದ್ದೆ, ಅದು ಅವಳದು ಎಂದು. ಕೊನೆಗೆ ಒಂದು ಭಾನುವಾರ ಧೈರ್ಯ ಮಾಡಿ ಪಂಚೆ ಎತ್ತಿ ಕಟ್ಟಿಕೊಂಡು ನಾಲ್ಕು ಕಾಲಾದೆ. ಗೋಡೆಯಿಂದ ಗೋಡೆಗೆ ಹೋಗಿ ಎದ್ದು ನಿಂತೆ. ಯಾರೂ ಹಿಂದೆ ಸರಿಯಲಿಲ್ಲ. ಹುಲಿಗೆಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು.

"ತಾತ, ಇದು ಕರಡಿ ಅಲ್ಲ. ಬಸ್ ತಪ್ಪಿಸ್ಕೊಂಡ ಮನಷ್ಯಾ" ಅಂದಳು.

"ಹಂಗಾರ ಕರಡಿ ಹೆಂಗ ನಡೀತೈತಿ, ನೀನ ತೋರ್ಸು."

ಅವಳು ತೋರಿಸಿದಳು. ವಿರೂಪಾಕ್ಷಿ ಅದೂ ಅಲ್ಲ ಎಂದು ತನ್ನದನ್ನು ತೋರಿಸಿದ. ಜಗಳ ಹತ್ತಿತು. ನಾನು "ಸುಮ್ನ ಕುಂದ್ರಿ" ಅನ್ನುವಷ್ಟರಲ್ಲಿ ಹುಲಿಗೆಮ್ಮ "ಟೀಚರನ್ನ ಕೇಳೂನು ನಡೀರಿ" ಎಂದು ಹೊರಟೇಬಿಟ್ಟಳು, ಹಿಂದೆ ಇಡೀ ಕ್ಲಾಸು. ನಾನು ಅಡ್ಡ ಬಂದು "ಬ್ಯಾಡ, ಟೀಚರ್ ಮಲಗ್ಯಾರ" ಎಂದು ಸುಳ್ಳು ಹೇಳಿದೆ. ಕೇಳುವವರು ಯಾರು? ನಾನು ಚಪ್ಪಲಿ ಹುಡುಕಿ ಮೆಟ್ಟಿಕೊಳ್ಳುವಷ್ಟರಲ್ಲಿ ಅವರು ನಮ್ಮ ಮನೆಯೊಳಗಿದ್ದರು.

ಗಿರಿಜ ಮಂಚದ ಮೇಲೆ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಮಕ್ಕಳನ್ನು ನೋಡಿದ ಕೂಡಲೇ ಹೊದಿಕೆಯನ್ನು ಕಾಲಿನ ಮೇಲೆ ಎಳೆದುಕೊಂಡಳು. ನನ್ನ ಕಡೆ ಒಂದು ನೋಟ ಬೀರಿದಳು. ಅದನ್ನು ಇಲ್ಲಿ ಬರೆಯುವುದು ಬೇಡ.

"ಟೀಚರ್, ತಾತ ಕರಡಿ ಕೆಡಿಸ್ಯಾನ. ನೀವ ಸರಿ ಮಾಡ್ರಿ" ಎಂದಳು ಹುಲಿಗೆಮ್ಮ.

"ನಂಗ ಏಳಾಕ ಆಗಂಗಿಲ್ಲವಾ. ಬಾಯಿಲೆ ಹೇಳ್ತೀನಿ, ಮಾಡ್ರಿ" ಎಂದಳು ಗಿರಿಜ. "ಮುಂದಿನ ಕಾಲು ಮೊದಲು. ಅವು ನೆಲ ಗಟ್ಟಿ ಐತೋ ಇಲ್ಲೋ ನೋಡ್ತಾವ. ಆಮ್ಯಾಲ ಹಿಂದಿನ ಕಾಲು ಮೆಲ್ಲಕ ಬರ್ತಾವ."

ಕೋಣೆಯ ತುಂಬ ಕರಡಿಗಳು ಹೊರಟವು. ಒಂದು ನಾಯಿಯಾಯಿತು, ಒಂದು ಏಡಿಯಾಯಿತು. ವಿರೂಪಾಕ್ಷಿ ಕಪ್ಪೆಯಾಗಿ ಸೊಪ್ಪಿನ ಬುಟ್ಟಿಯ ಮೇಲೆ ಬಿದ್ದ. ಗಿರಿಜಳಿಗೆ ನೋಡಲಾಗುತ್ತಿರಲಿಲ್ಲ. "ಅಯ್ಯ, ಹಂಗಲ್ಲಲೇ" ಅನ್ನುತ್ತಾ ಮಂಚದ ತುದಿಗೆ ಸರಿದಿದ್ದಳು. ಆಗ ಹುಲಿಗೆಮ್ಮ ಹಿಂದಕ್ಕೆ ನಡೆಯುತ್ತಾ ಹೋಗಿ ಮೂಲೆಯಲ್ಲಿದ್ದ ಸೀರೆಗೆ ಸಿಕ್ಕಿಕೊಂಡಳು. ಸೀರೆ ಜಾರಿತು, ವಾಕರ್ ಎಲ್ಲರೆದುರು ನಿಂತಿತು.

ಗಿರಿಜಳ ಮುಖ ಬಿಳಿಚಿಕೊಂಡಿತು. ನಾನು ಏನು ಹೇಳಿ ಇದನ್ನು ಮುಚ್ಚಲಿ ಎಂದು ತಡಕಾಡುತ್ತಿದ್ದೆ. ಮಕ್ಕಳಿಗೆ ಅದೆಲ್ಲ ಎಲ್ಲಿ? ಅವರು ವಾಕರ್‌ನ ಸುತ್ತ ಕೂತು ಪರೀಕ್ಷೆ ಶುರು ಮಾಡಿದ್ದರು.

"ಇದು ಟೀಚರಂದು ಮುಂದಿನ ಕಾಲು" ಎಂದಳು ಹುಲಿಗೆಮ್ಮ.

"ಇದಕ್ಕ ನಾಕು ಕಾಲು ಅದಾವ" ಎಂದ ವಿರೂಪಾಕ್ಷಿ. "ಟೀಚರಿಗೆ ಎರಡು. ಒಟ್ಟು ಆರು. ಆರು ಕಾಲಂದ್ರ ಇರುವಿ. ಟೀಚರ್ ಈಗ ಇರುವಿ ಆಗ್ಯಾರ."

"ಹುಚ್ಚ, ಕರಡಿ ಮುಂದಿನ ಕಾಲು ಭಾಳ ದಪ್ಪ ಇರ್ತಾವ. ಅದಕ್ಕ ಒಂದೊಂದರಾಗ ಎರಡೆರಡು ಹಾಕ್ಯಾರ."

ಗಿರಿಜ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ, ಮಂಚ ಅಲುಗುವ ಹಾಗೆ. ಆಪರೇಷನ್ ಆದ ಮೇಲೆ ಅವಳು ನಕ್ಕದ್ದು ಅದೇ ಮೊದಲು. "ಇರುವಿ ಅಂತ, ಇರುವಿ. ಟೀಚರನ್ನ ಇರುವಿ ಮಾಡಿದಿ ಅಲ್ಲಲೇ ವಿರೂಪಿ. ತಾ ಅದನ್ನ ಇಲ್ಲಿ" ಅಂದಳು. ತಂದರು. ಅವಳು ಎರಡೂ ಕೈಯಿಂದ ಅದನ್ನು ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ ಒಂದು ಉಸಿರು ಎಳೆದು, ಎದ್ದು ನಿಂತಳು.

ಮುಂದಿನ ಕಾಲು ನೆಲಕ್ಕೆ ಮುಟ್ಟಿತು. ಅವಳು ನೆಲ ನೋಡಿದಳು. ಹೊಸ ಮೊಣಕಾಲು ಬಂತು, ಅದರ ಹಿಂದೆ ಹಳೆಯದು ಬಂತು. ಮಕ್ಕಳು ಇಬ್ಬದಿಗೂ ಸರಿದು ದಾರಿ ಬಿಟ್ಟರು. ಅವಳು ಪಡಸಾಲೆ ದಾಟಿ ನಿಲ್ಲುತ್ತಾಳೆ ಅಂದುಕೊಂಡಿದ್ದೆ. ನಿಲ್ಲಲಿಲ್ಲ. ಹೊಸ್ತಿಲ ಹತ್ತಿರ ವಾಕರನ್ನು ಮೊದಲು ಆಚೆ ಇಟ್ಟು, ಅದು ಗಟ್ಟಿ ನಿಂತಿತೆಂದು ನೋಡಿ, ತಾನೂ ದಾಟಿದಳು. ಹಿಂದೆ ಕರಡಿಗಳು ಅಂಗೈ ಊರುತ್ತಾ ಸಾಲಾಗಿ ಬಂದವು. ಹೊರಗೆ ಬೀದಿ, ಬೆಳಗಿನ ಮಳೆಗೆ ಒದ್ದೆಯಾಗಿತ್ತು. ಒದ್ದೆ ನೆಲ ಕಂಡು ನನಗೆ ಬಚ್ಚಲು ನೆನಪಾಯಿತು. ಓಡಿ ಹೋಗಿ ಅವಳ ತೋಳು ಹಿಡಿದುಕೊಂಡೆ.

ಅವಳು ನಿಂತಳು. ನನ್ನ ಮುಖ ನೋಡಿದಳು. ಅವಳ ಹಣೆಯ ಮೇಲೆ ಬೆವರಿತ್ತು, ಹೆದರಿಕೆಯೂ ಹೋಗಿರಲಿಲ್ಲ.

"ಕೈ ಬಿಡ್ರಿ" ಅಂದಳು. "ಕರಡಿ ಕೈ ಯಾರರ ಹಿಡೀತಾರೇನು?"

ಬಿಟ್ಟೆ. ಟಿಕೆಟ್ ಹರಿದು ಹರಿದು ಮರಗಟ್ಟಿದ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಅವಳು ಒದ್ದೆ ನೆಲದ ಮೇಲೆ ಮುಂದಿನ ಕಾಲು ಇಟ್ಟಳು, ನೋಡಿದಳು, ಹೋದಳು. ಭೂಮಿ ಅವಳ ಹೆಸರಿಗೇ ಇತ್ತು. ನನಗೆ ಅಳು ಬಂದು ಬೀದಿಯ ನಡುವೆಯೇ ನಿಂತುಬಿಟ್ಟೆ.

ಕೆಳಗಿನಿಂದ ಯಾರೋ ಪಂಚೆ ಜಗ್ಗಿದರು. ನೋಡಿದರೆ ಹುಲಿಗೆಮ್ಮ, ನಾಲ್ಕು ಕಾಲಿನ ಮೇಲೆ. "ತಾತ, ದಾರ್ಯಾಗ ನಿಂದ್ರಬ್ಯಾಡ. ಕರಡಿ ಬರಾಕತ್ತಾವ."

ಬದಿಗೆ ಸರಿದು ನಿಂತೆ. ಅವೆಲ್ಲ ದಾಟುವುದಕ್ಕೆ ಬಹಳ ಹೊತ್ತು ಹಿಡಿಯಿತು. ಹಿಡಿಯಲಿ ಅಂದುಕೊಂಡೆ.